ಎಎಸ್‌ಒ ನಾರ್ಮಲ್ ಬಂತು, ಇಂಜೆಕ್ಷನ್ ನಿಲ್ಲಿಸಬಹುದೇ?

ಪ್ರಶ್ನೆ: ನಾನು ವಿಜಯಪುರ ಜಿಲ್ಲೆ ಮುದ್ದೇಬಿಹಾಳ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ಶಿಕ್ಷಕ, ವಯಸ್ಸು 39. ನನ್ನ ತಂಗಿಯ ಮಗಳಿಗೆ ಈಗ 13 ವರ್ಷ. ಎರಡು ವರ್ಷದ ಹಿಂದೆ ಅವಳಿಗೆ ಜ್ವರ ಬಂದು ಮೊಣಕಾಲು ಬಾತಿತು. ಅದು ಇಳಿಯುವಷ್ಟರಲ್ಲಿ ಇನ್ನೊಂದು ಕಾಲಿನ ಹರಡು ಬಾತಿತು. ಮುಂದೆ ಶಾಲೆಗೆ ಬಂದ ಆರೋಗ್ಯ ತಪಾಸಣೆಯ ತಂಡದವರು ಎದೆಯಲ್ಲಿ ಬೇರೆ ಶಬ್ದ ಕೇಳಿಸುತ್ತದೆ ಎಂದರು. ವಿಜಯಪುರದಲ್ಲಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ‘ಮೈಟ್ರಲ್ (ಹೃದಯದ ಎಡಭಾಗದ) ಕವಾಟ ದಪ್ಪಗಾಗಿದೆ, ಮಧ್ಯಮ ಪ್ರಮಾಣದ ಸೋರಿಕೆ ಇದೆ, ಕಿರಿದಾಗಿಲ್ಲ, ಇಎಫ್ (ಹೃದಯ ರಕ್ತ ಹಿಂಡುವ ಶಕ್ತಿ) 60’ ಎಂದು ವರದಿ ಬಂತು. ಅಂದಿನಿಂದ 21 ದಿನಕ್ಕೊಮ್ಮೆ ಪೆನಿಡ್ಯೂರ್ (ಪೆನಿಸಿಲಿನ್) ಇಂಜೆಕ್ಷನ್ ನಡೆದಿದೆ. ಈಗ ಎಎಸ್‌ಒ ಎಂಬ ರಕ್ತಪರೀಕ್ಷೆ ನಾರ್ಮಲ್ ಬಂದಿದೆ. ತಂಗಿ ಮತ್ತು ಅವಳ ಗಂಡ ದೀಪಾವಳಿ ಮುಗಿದೊಡನೆ ಕಬ್ಬು ಕಡಿಯಲು ಹೋಗುವವರು; ಇಂಜೆಕ್ಷನ್ ಬಿಟ್ಟುಬಿಡೋಣ ಎನ್ನುತ್ತಾರೆ. ಬಿಡಬಹುದೇ? ಆಪರೇಶನ್ ಬೇಕಾದೀತೇ? ಅವಳು ಖೋ-ಖೋ ಆಡಬಹುದೇ? ಮುಂದೆ ಮದುವೆ, ಹೆರಿಗೆಗೆ ತೊಂದರೆಯೇ? ಇನ್ನೊಂದು ಮಾತು. ನನ್ನ ಅಣ್ಣ ಹೋದ ವರ್ಷ 43ನೆಯ ವಯಸ್ಸಿಗೆ ತೀರಿಕೊಂಡ. ರಾತ್ರಿ ಎದೆ ಹಿಡಿದಂತಾಗಿದೆ, ಗ್ಯಾಸ್ ಇರಬೇಕು ಎಂದು ಸೋಡಾ ಕುಡಿದು ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಇವಳಿಗೂ ಅವನಿಗೂ ಬಂದದ್ದು ಒಂದೇ ಮನೆತನದ ರೋಗವೇ? ನಾನು ತಂಬಾಕು ತಿನ್ನುತ್ತೇನೆ. ಆಂಜಿಯೋಗ್ರಾಂ ಮಾಡಿಸಬೇಕೇ? ಅಣ್ಣನ ಮಗನಿಗೆ 17 ವರ್ಷ. ಅವನಿಗೆ ಏನು ಪರೀಕ್ಷೆ ಬೇಕು?

ಉತ್ತರ: ಮಾಸ್ತರರೇ, ಅವಸರದ ಉತ್ತರವನ್ನು ಮೊದಲು ಹೇಳಿಬಿಡುತ್ತೇನೆ: ಇಂಜೆಕ್ಷನ್ ನಿಲ್ಲಿಸಬೇಡಿ. ಎಎಸ್‌ಒ ಎಷ್ಟು ಬಂದಿದೆ ಎಂಬುದಕ್ಕೂ ಈ ನಿರ್ಧಾರಕ್ಕೂ ಸಂಬಂಧವೇ ಇಲ್ಲ. ನಿಮ್ಮ ಸೊಸೆಯನ್ನು ನಾನು ಪರೀಕ್ಷಿಸಿಲ್ಲವಾದ್ದರಿಂದ ನೀವು ಬರೆದ ವರದಿಯನ್ನೇ ಆಧಾರವಾಗಿಟ್ಟುಕೊಂಡು ಬರೆಯುತ್ತಿದ್ದೇನೆ. ಆಕೆಯನ್ನು ನೋಡುತ್ತಿರುವ ವೈದ್ಯರ ಮಾತು ಇದಕ್ಕಿಂತ ಬೇರೆಯಾಗಿದ್ದರೆ ಅದಕ್ಕೆ ಅವರು ಕೊಡುವ ಕಾರಣವನ್ನು ಕೇಳಿ ತಿಳಿದುಕೊಳ್ಳಿ.

ಹುಡುಗಿಯ ಕಾಯಿಲೆಯ ಪೂರ್ತಿ ಸುಳಿವು ನಿಮ್ಮ ಪತ್ರದ ಒಂದೇ ವಾಕ್ಯದಲ್ಲಿದೆ: ಒಂದು ಕೀಲು ಬಾತು, ಅದು ಇಳಿಯುವಷ್ಟರಲ್ಲಿ ಇನ್ನೊಂದು ಬಾತಿತು. ಐದರಿಂದ ಹದಿನೈದು ವರ್ಷದೊಳಗಿನ ಮಗುವಿಗೆ ಜ್ವರದೊಂದಿಗೆ ದೊಡ್ಡ ಕೀಲುಗಳ ಬಾವು ಹೀಗೆ ಜಾಗ ಬದಲಿಸುತ್ತಾ ಹೋದರೆ ನಾವು ಮೊದಲು ನೆನೆಯುವುದು ರುಮ್ಯಾಟಿಕ್ ಜ್ವರವನ್ನು. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬರುತ್ತದೆ, ತಾನಾಗಿ ಕಡಿಮೆಯೂ ಆಗುತ್ತದೆ. ಎರಡು-ಮೂರು ವಾರ ಕಳೆದ ಮೇಲೆ, ಆ ಬ್ಯಾಕ್ಟೀರಿಯಾದ ವಿರುದ್ಧ ದೇಹ ತಯಾರಿಸಿಕೊಂಡ ಪ್ರತಿರೋಧವು ಸ್ವಂತ ಕೀಲು ಮತ್ತು ಹೃದಯದ ಕವಾಟಗಳ ಮೇಲೆಯೇ ತಿರುಗಿಬೀಳುತ್ತದೆ. ಕೀಲುಗಳು ಕುರುಹೂ ಉಳಿಯದಂತೆ ವಾಸಿಯಾಗುತ್ತವೆ. ಕವಾಟ ಎಷ್ಟೋ ಸಲ ಹಾಗೆ ವಾಸಿಯಾಗುವುದಿಲ್ಲ. ಕಾಲುನೋವು ಹೋಯಿತಲ್ಲ ಎಂದು ಮನೆಯವರು ನಿಶ್ಚಿಂತರಾಗುವ ಹೊತ್ತಿಗೆ ಹೃದಯದೊಳಗಿನ ಹಾನಿ ಸದ್ದಿಲ್ಲದೆ ಬೆಳೆಯತೊಡಗಿರುತ್ತದೆ.

ಎದೆಯಲ್ಲಿ ಶಬ್ದ ಕೇಳಿಸಿದ ಮಾತ್ರಕ್ಕೆ ಎಲ್ಲ ಮಕ್ಕಳೂ ಹೃದ್ರೋಗಿಗಳಲ್ಲ. ಬೆಳೆಯುವ ಮಕ್ಕಳಲ್ಲಿ, ಅದರಲ್ಲೂ ಜ್ವರ ಅಥವಾ ರಕ್ತಹೀನತೆ ಇದ್ದಾಗ, ಯಾವ ದೋಷವೂ ಇಲ್ಲದ ಮೃದುವಾದ ಮರ್ಮರ ಕೇಳಿಸುವುದು ಸಾಮಾನ್ಯ. ಹುಟ್ಟಿನಿಂದಲೇ ಇರುವ ರಂಧ್ರಗಳದು ಇನ್ನೊಂದು ಗುಂಪು. ಕೆಳಗಿನ ಎರಡು ಕೋಣೆಗಳ ನಡುವಿನ ಸಣ್ಣ ರಂಧ್ರ ದೊಡ್ಡ ಸದ್ದು ಮಾಡಿದರೂ ಎಷ್ಟೋ ಸಲ ತಾನಾಗಿ ಮುಚ್ಚಿಕೊಳ್ಳುತ್ತದೆ; ಮೇಲಿನ ಕೋಣೆಗಳ ನಡುವಿನ ದೊಡ್ಡ ರಂಧ್ರ ಮಾತ್ರ ಹೆಚ್ಚು ಸದ್ದೂ ಮಾಡದೆ, ತ್ರಾಸವನ್ನೂ ಕೊಡದೆ ಮೂವತ್ತರ ತನಕ ಅಡಗಿದ್ದು, ಹೆಣ್ಣುಮಕ್ಕಳಲ್ಲಿ ಕೆಲವೊಮ್ಮೆ ಬಸಿರಿನಲ್ಲಿ ಏದುಸಿರು ಬಂದಾಗಲೇ ಪತ್ತೆಯಾಗುತ್ತದೆ. ಮಹಾಧಮನಿ ಒಂದೆಡೆ ಕಿರಿದಾಗಿರುವ ದೋಷವನ್ನು ಕಂಡುಹಿಡಿಯಲು ಯಂತ್ರವೇ ಬೇಡ: ತೊಡೆಸಂದಿಯ ನಾಡಿಯನ್ನು ಬೆರಳಿಟ್ಟು ನೋಡಿ, ಅದು ಕೈಯ ನಾಡಿಗಿಂತ ಕ್ಷೀಣವಾಗಿದ್ದರೆ ಕಾಲಿನ ಬಿಪಿ ಅಳೆದರೆ ಸಾಕು. ಹದಿಹರೆಯದವರಲ್ಲಿ ಬಿಪಿ ಹೆಚ್ಚು ಕಂಡಾಗಲೂ ಈ ಎರಡು ನಿಮಿಷದ ಪರೀಕ್ಷೆಯನ್ನು ಬಿಟ್ಟು ನೇರವಾಗಿ ಮಾತ್ರೆ ಬರೆಯುವುದನ್ನು ನೋಡಿದಾಗ ನನಗೆ ಬೇಸರವಾಗುತ್ತದೆ.

ಈ ಎಲ್ಲವನ್ನೂ ಬಿಡಿಸಿ ಹೇಳುವುದು ಎಕೋ. ನಿಮ್ಮ ಹುಡುಗಿಯ ವರದಿಯಲ್ಲಿ ಕವಾಟ ದಪ್ಪಗಾಗಿದೆ ಎಂದಿದೆ. ರುಮ್ಯಾಟಿಕ್ ಹಾನಿಯಾದ ಮೈಟ್ರಲ್ ಕವಾಟದ ಎಸಳು ತುದಿಯಲ್ಲಿ ಬಿಗಿದುಕೊಂಡಿರುತ್ತದೆ. ನಡುಭಾಗ ಮಾತ್ರ ತೆರೆಯಲು ಹೋಗುವುದರಿಂದ ಅದು ಮೊಣಕೈ ಮಡಿಸಿದಂತೆ ಬಾಗುವುದು ಪರದೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಹುಟ್ಟಿನಿಂದ ಬಂದ ಸೋರಿಕೆಯಲ್ಲಿ ಈ ಲಕ್ಷಣ ಇರುವುದಿಲ್ಲ. ಜ್ವರದ ಚರಿತ್ರೆ ಮತ್ತು ಎಕೋ ಒಂದನ್ನೊಂದು ಸಮರ್ಥಿಸುತ್ತಿರುವುದರಿಂದ ರೋಗನಿರ್ಣಯದಲ್ಲಿ ನನಗೆ ಸಂಶಯವಿಲ್ಲ. ರುಮ್ಯಾಟಿಕ್ ಜ್ವರವನ್ನು ಗುರುತಿಸಲು 1944ರಿಂದ ಬಳಕೆಯಲ್ಲಿರುವ ಜೋನ್ಸ್ ಮಾನದಂಡಗಳನ್ನು 2015ರಲ್ಲಿ ಪರಿಷ್ಕರಿಸಿದಾಗ, ಸ್ಟೆತೊಸ್ಕೋಪಿಗೆ ಏನೂ ಕೇಳಿಸದಿದ್ದರೂ ಎಕೋ ಮಾಡಲೇಬೇಕು ಎಂದು ಸೇರಿಸಿದ್ದು ಇದೇ ಕಾರಣಕ್ಕೆ.

ಇನ್ನು ಎಎಸ್‌ಒ. ನಮ್ಮ ಕಡೆ ಈ ಪರೀಕ್ಷೆ ಮಾಡಿದಷ್ಟು ಗೊಂದಲವನ್ನು ಬೇರೆ ಯಾವ ರಕ್ತಪರೀಕ್ಷೆಯೂ ಮಾಡಿಲ್ಲ. ಇತ್ತೀಚೆಗೆ ಸ್ಟ್ರೆಪ್ಟೊಕಾಕಸ್ ಸೋಂಕು ತಗಲಿತ್ತೇ ಎಂಬುದಷ್ಟೇ ಅದರಿಂದ ತಿಳಿಯುವ ಸಂಗತಿ. ಸೋಂಕಿನ ನಂತರ ಕೆಲವು ವಾರ ಏರಿ, ಮುಂದಿನ ತಿಂಗಳುಗಳಲ್ಲಿ ಅದು ತಾನಾಗಿ ಇಳಿಯುತ್ತದೆ. ಒಂದೇ ಕೋಣೆಯಲ್ಲಿ ಐದಾರು ಜನ ಮಲಗುವ ಮನೆಗಳಲ್ಲಿ, ಕಿಕ್ಕಿರಿದ ವಸತಿನಿಲಯಗಳಲ್ಲಿ ಗಂಟಲು ಸೋಂಕು ಮತ್ತೆಮತ್ತೆ ಹರಡುವುದರಿಂದ ಆರೋಗ್ಯವಂತ ಮಕ್ಕಳಲ್ಲಿಯೂ ಎಎಸ್‌ಒ 200 ದಾಟಿರುವುದು ಸಾಮಾನ್ಯ. ಬರಿಯ ಕಾಲುನೋವು, ಎಎಸ್‌ಒ 400 ಎಂಬ ಕಾರಣಕ್ಕೆ ಎಕೋ ಕೂಡ ಮಾಡಿಸದೆ ವರ್ಷಗಟ್ಟಲೆ ಪೆನಿಸಿಲಿನ್ ಚುಚ್ಚಿಸಿಕೊಂಡ ಮಕ್ಕಳಿದ್ದಾರೆ. ಎಎಸ್‌ಒ ಇಳಿಯಿತೆಂದು ಇಂಜೆಕ್ಷನ್ ಬಿಟ್ಟು, ಮೂರು ವರ್ಷದ ನಂತರ ಕವಾಟ ಪೂರ್ತಿ ಕೆಡಿಸಿಕೊಂಡು ಬಂದ ಮಕ್ಕಳೂ ಇದ್ದಾರೆ. ನಿಮ್ಮ ಹುಡುಗಿಯ ಎಎಸ್‌ಒ ನಾರ್ಮಲ್ ಬಂದಿರುವುದೆಂದರೆ ಇಂಜೆಕ್ಷನ್ ತನ್ನ ಕೆಲಸ ಮಾಡಿ ಹೊಸ ಸೋಂಕನ್ನು ತಡೆದಿದೆ ಎಂದಷ್ಟೇ ಅರ್ಥ. ಆ ಪರೀಕ್ಷೆಗೆ ಇನ್ನು ಮುಂದೆ ದುಡ್ಡು ಹಾಕಬೇಡಿ.

ಇಂಜೆಕ್ಷನ್ ಎಷ್ಟು ವರ್ಷ ಎಂದು ನೀವು ನೇರವಾಗಿ ಕೇಳಿಲ್ಲ, ಆದರೆ ತಂದೆತಾಯಿಗಳ ಮನಸ್ಸಿನಲ್ಲಿರುವುದು ಅದೇ. ಹೃದಯಕ್ಕೆ ಏನೂ ಆಗದಿದ್ದವರಿಗೆ ಕೊನೆಯ ಜ್ವರದಿಂದ 5 ವರ್ಷ ಅಥವಾ 18 ವರ್ಷ ತುಂಬುವ ತನಕ, ಯಾವುದು ಹೆಚ್ಚೋ ಅದು. ಹೃದಯಕ್ಕೆ ತಗಲಿಯೂ ಕವಾಟ ಸರಿಹೋದವರಿಗೆ 10 ವರ್ಷ ಅಥವಾ 25 ತುಂಬುವ ತನಕ. ಕವಾಟದಲ್ಲಿ ಹಾನಿ ಉಳಿದುಕೊಂಡವರಿಗೆ 40 ವರ್ಷ ವಯಸ್ಸಾಗುವ ತನಕ, ಕೆಲವರಿಗೆ ಜೀವನಪೂರ್ತಿ. ಕವಾಟದ ಆಪರೇಶನ್ ಆದ ಮೇಲೂ ಇದನ್ನು ಬಿಡುವಂತಿಲ್ಲ. ನಿಮ್ಮ ಹುಡುಗಿ ಸದ್ಯಕ್ಕೆ ಮೂರನೆಯ ಗುಂಪಿನಲ್ಲಿದ್ದಾಳೆ. ಇಷ್ಟು ದೀರ್ಘವೇ ಎಂದು ನೀವು ಹೌಹಾರಬಹುದು. ಆದರೆ ರುಮ್ಯಾಟಿಕ್ ಜ್ವರ ಒಮ್ಮೆ ಬಂದವರಿಗೆ ಮತ್ತೆ ಬರುವ ಸಂಭವ ಬಹಳ, ಮತ್ತು ಪ್ರತಿಸಲ ಮರುಕಳಿಸಿದಾಗಲೂ ಕವಾಟ ಇನ್ನಷ್ಟು ಕೆಡುತ್ತದೆ. ಉಗಾಂಡಾದಲ್ಲಿ 818 ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ಲಕ್ಷಣಗಳೇ ಇಲ್ಲದೆ ಎಕೋದಲ್ಲಿ ಮಾತ್ರ ಕಂಡ ಆರಂಭದ ಹಾನಿಯನ್ನು ಗಮನಿಸಿತು: ಎರಡು ವರ್ಷದಲ್ಲಿ ಪೆನಿಸಿಲಿನ್ ಪಡೆದವರ ಪೈಕಿ ಶೇ. 0.8ರಷ್ಟು ಮಕ್ಕಳಲ್ಲಿ ರೋಗ ಬೆಳೆದರೆ, ಪಡೆಯದವರಲ್ಲಿ ಶೇ. 8.2ರಷ್ಟು ಮಕ್ಕಳಲ್ಲಿ ಬೆಳೆಯಿತು. ಲಕ್ಷಗಟ್ಟಲೆ ಖರ್ಚಿನ ಆಪರೇಶನ್ನಿಗೆ ಸಾಲ ಮಾಡಲು ಸಿದ್ಧರಿರುವವರು ಇಷ್ಟು ಅಗ್ಗದ ಔಷಧಿಯನ್ನು ಹಗುರವಾಗಿ ಕಾಣುವುದು ನನಗೆ ಇಂದಿಗೂ ಅರ್ಥವಾಗದ ಸಂಗತಿ.

ನೋವಿನ ವಿಷಯ ನಿಜ. ಪೆನಿಡ್ಯೂರ್‌ನ ಬಿಳಿ ಪುಡಿ ನೀರಿನಲ್ಲಿ ಪೂರ್ತಿ ಕರಗುವುದಿಲ್ಲ, ಮಂದವಾಗಿ ತೇಲುತ್ತದೆ. ಸಣ್ಣ ಸೂಜಿಯಲ್ಲಿ ಕಟ್ಟಿಕೊಳ್ಳುವುದರಿಂದ ದಪ್ಪ ಸೂಜಿಯನ್ನೇ ಬಳಸಬೇಕಾಗುತ್ತದೆ. ಸಿರಿಂಜನ್ನು ಅಂಗೈಯಲ್ಲಿ ಹೊರಳಿಸಿ ಸ್ವಲ್ಪ ಬೆಚ್ಚಗೆ ಮಾಡಿ, ಸ್ಪಿರಿಟ್ ಒಣಗಿದ ಮೇಲೆ ಸೂಜಿ ಹಾಕಿ, ಎರಡು-ಮೂರು ನಿಮಿಷ ನಿಧಾನವಾಗಿ ತಳ್ಳಿದರೆ ನೋವು ಎಷ್ಟೋ ಕಡಿಮೆ. ಜೊತೆಗೆ ಜಾಗವನ್ನು ಮರಗಟ್ಟಿಸುವ ಲಿಗ್ನೋಕೇನ್ ಸ್ವಲ್ಪ ಬೆರೆಸಲು ವೈದ್ಯರನ್ನು ಕೇಳಬಹುದು. ಹುಡುಗಿ ಊಟ ಮಾಡಿ, ನೀರು ಕುಡಿದು, ಮಲಗಿಕೊಂಡೇ ಚುಚ್ಚಿಸಿಕೊಳ್ಳಲಿ. ಆಮೇಲೆ ಅರ್ಧ ತಾಸು ಅಲ್ಲಿಯೇ ಇರಲಿ. ಅಲರ್ಜಿಯ ಭಯದಿಂದ ಕೆಲವು ಕಡೆ ಇಂಜೆಕ್ಷನ್ ಕೊಡಲು ಹಿಂಜರಿಯುತ್ತಾರೆ. ತೀವ್ರ ಅಲರ್ಜಿ ಅಪರೂಪ, ಆದರೂ ಅದಕ್ಕೆ ಮದ್ದಾದ ಅಡ್ರಿನಲಿನ್ ಸಿದ್ಧವಿರುವ ಕಡೆಯೇ ಮಾಡಿಸಿ. ಕವಾಟ ತೀವ್ರವಾಗಿ ಕೆಟ್ಟು ಹೃದಯ ಸೋತಿರುವ ರೋಗಿಗಳಿಗೆ ಮಾತ್ರ ಇಂಜೆಕ್ಷನ್ ಬದಲು ದಿನಕ್ಕೆರಡು ಬಾರಿ ಪೆನಿಸಿಲಿನ್ ಮಾತ್ರೆ ಲೇಸು ಎಂಬ ಅಭಿಪ್ರಾಯ ಈಚೆಗೆ ಬಲವಾಗಿದೆ; ನಿಮ್ಮ ಹುಡುಗಿ ಆ ಹಂತದಲ್ಲಿಲ್ಲ.

ಕಬ್ಬಿನ ಹಂಗಾಮಿನ ಸಮಸ್ಯೆ ಇದಕ್ಕಿಂತ ದೊಡ್ಡದು, ಏಕೆಂದರೆ ಡೋಸು ತಪ್ಪುವುದು ಅಲ್ಲಿಯೇ. ಗ್ಯಾಂಗಿನೊಂದಿಗೆ ಹೋದವರು ಗದ್ದೆ ಬದಲಿಸಿದಂತೆ ಬಿಡಾರವನ್ನೂ ಬದಲಿಸುತ್ತಾರೆ; ಅಲ್ಲಿ ಹತ್ತಿರದ ಆಸ್ಪತ್ರೆ ಯಾವುದೆಂದು ಮೇಸ್ತ್ರಿಗೂ ಗೊತ್ತಿರುವುದಿಲ್ಲ. ನನ್ನ ಸಲಹೆ: ಹುಡುಗಿ ಈ ನಾಲ್ಕೈದು ತಿಂಗಳು ನಿಮ್ಮ ಮನೆಯಲ್ಲಿರಲಿ. ಅವಳ ಶಾಲೆಯೂ ತಪ್ಪುವುದಿಲ್ಲ, ಡೋಸೂ ತಪ್ಪುವುದಿಲ್ಲ. ಅದು ಆಗದಿದ್ದರೆ ಔಷಧಿಯ ಹೆಸರು, ಪ್ರಮಾಣ (27 ಕಿಲೋಗಿಂತ ಹೆಚ್ಚು ತೂಕದವರಿಗೆ 12 ಲಕ್ಷ ಯೂನಿಟ್), ರೋಗದ ಹೆಸರು, ಮುಂದಿನ ತಾರೀಖು ಇಷ್ಟನ್ನೂ ಬರೆದು ವೈದ್ಯರ ಸಹಿ ಹಾಕಿಸಿದ ಕಾರ್ಡನ್ನು ತಂಗಿಯ ಕೈಯಲ್ಲಿ ಕೊಟ್ಟು ಕಳುಹಿಸಿ. ತಾರೀಖಿಗೆ ಎರಡು ದಿನ ಮೊದಲೇ ಹಾಕಿಸಿದರೂ ಚಿಂತೆಯಿಲ್ಲ, ತಡವಾಗಬಾರದು. ಮನೆಯ ಉಳಿದ ಮಕ್ಕಳಿಗೆ ಜ್ವರದೊಂದಿಗೆ ಗಂಟಲು ನೋವು ಬಂದರೆ ಉಪ್ಪುನೀರು ಮುಕ್ಕಳಿಸಿ ಸುಮ್ಮನಾಗದೆ ವೈದ್ಯರಿಗೆ ತೋರಿಸಬೇಕು. ಈ ರೋಗ ಅಂಟುವುದಿಲ್ಲವಾದರೂ ಗಂಟಲಿನ ಸೋಂಕು ಅಂಟುತ್ತದೆ.

ಆಪರೇಶನ್ ಈಗ ಬೇಡ. ಮಧ್ಯಮ ಸೋರಿಕೆ, ಇಎಫ್ 60, ತ್ರಾಸವಿಲ್ಲ ಎಂದರೆ ವರ್ಷಕ್ಕೊಮ್ಮೆ ಎಕೋ ಮಾಡಿಸಿ ಎಡ ಹೃತ್ಕುಕ್ಷಿಯ (ಎಡಭಾಗದ ಕೆಳಗಿನ ಕೋಣೆಯ) ಅಳತೆ ಹಿಗ್ಗುತ್ತಿದೆಯೇ ಎಂದು ನೋಡುತ್ತಿದ್ದರೆ ಸಾಕು. ಪ್ರತಿ ವರದಿಯನ್ನೂ ಒಂದೇ ಫೈಲಿನಲ್ಲಿಡಿ. ಹೊಸ ವರದಿಯೊಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ, ಹಳೆಯದರ ಪಕ್ಕದಲ್ಲಿಟ್ಟಾಗಲೇ ತಿಳಿಯುತ್ತದೆ. ಅಂಗಾತ ಮಲಗಿದರೆ ದಮ್ಮು, ನಡುರಾತ್ರಿ ಉಸಿರು ಕಟ್ಟಿ ಎದ್ದು ಕೂರುವುದು, ಕೆಮ್ಮಿದಾಗ ರಕ್ತ, ಎದೆ ತಪ್ಪಿ ತಪ್ಪಿ ಬಡಿಯುವುದು, ವಾರಗಟ್ಟಲೆ ಬಿಡದ ಜ್ವರ, ಇವುಗಳಲ್ಲಿ ಯಾವುದು ಬಂದರೂ ವರ್ಷ ತುಂಬಲೆಂದು ಕಾಯಬಾರದು. ಮುಂದೆಂದಾದರೂ ಕವಾಟ ಕಿರಿದಾದರೆ, ತೊಡೆಯ ರಕ್ತನಾಳದ ಮೂಲಕ ಬಲೂನು ಕಳುಹಿಸಿ ಅಗಲಿಸುವ ಚಿಕಿತ್ಸೆಯಿದೆ. ಜಪಾನಿನ ಇನೋಯೆ 1980ರ ದಶಕದಲ್ಲಿ ರೂಪಿಸಿದ ಆ ಬಲೂನು ನಮ್ಮ ದೇಶದ ಸಾವಿರಾರು ಹೆಣ್ಣುಮಕ್ಕಳನ್ನು ಎದೆ ಸೀಳುವುದರಿಂದ ಪಾರುಮಾಡಿದೆ. ಸೋರಿಕೆಗೆ ಬಲೂನು ನಡೆಯದು, ಶಸ್ತ್ರಚಿಕಿತ್ಸೆಯೇ ಬೇಕು. ಆ ಪ್ರಸಂಗ ಬಂದರೆ ಕವಾಟವನ್ನು ಬದಲಿಸುವ ಬದಲು ರಿಪೇರಿ ಮಾಡಲು ಬರುತ್ತದೆಯೇ ಎಂದು ಮೊದಲು ಕೇಳಿ. ಲೋಹದ ಕವಾಟ ಹಾಕಿದರೆ ರಕ್ತ ತೆಳುವಾಗಿಡುವ ಅಸಿಟ್ರೋಮ್‌ನಂತಹ ಮಾತ್ರೆಯನ್ನು ಜೀವನಪೂರ್ತಿ ನುಂಗಿ, ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ) ಪರೀಕ್ಷೆಯನ್ನು ತಪ್ಪದೆ ಮಾಡಿಸುತ್ತಿರಬೇಕು. ಆ ಮಾತ್ರೆ ಬಸಿರಿನ ಮೊದಲ ತಿಂಗಳುಗಳಲ್ಲಿ ಕೂಸಿಗೆ ಹಾನಿ ಮಾಡಬಲ್ಲದು. ಬೆಳಗಾವಿಯ ಡಾ. ಪ್ರಭಾಕರ ಕೋರೆ ಆಸ್ಪತ್ರೆ, ಕಲಬುರಗಿಯ ಜಯದೇವ ಆಸ್ಪತ್ರೆಗಳಲ್ಲಿ ಹೃದಯ ಚಿಕಿತ್ಸೆಯ ವ್ಯವಸ್ಥೆಯಿದೆ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಶಾಲಾ ತಂಡದವರು ಪತ್ತೆಹಚ್ಚಿದ ಮಗುವಾದ್ದರಿಂದ ಆರ್‌ಬಿಎಸ್‌ಕೆಯ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಯೋಜನೆಯ) ವೈದ್ಯರನ್ನೂ ಕಾಣಿರಿ.

ಖೋ-ಖೋ ಆಡಲಿ. ಸೋರಿಕೆ ಮಧ್ಯಮ, ಹೃದಯದ ಗಾತ್ರ ನಾರ್ಮಲ್, ಓಡಿದಾಗ ಓರಗೆಯವರಿಗಿಂತ ಹೆಚ್ಚು ಏದುಸಿರಿಲ್ಲ ಎಂದಾದರೆ ತಡೆಯಲು ಕಾರಣವಿಲ್ಲ. ಮದುವೆಯ ಮಾತು ಬಂದಾಗ ಹೊಸದಾಗಿ ಎಕೋ ಮಾಡಿಸಿ, ಗಂಡಿನ ಕಡೆಯವರಿಂದ ಮುಚ್ಚಿಡಬೇಡಿ. ಮುಚ್ಚಿಟ್ಟ ಮನೆಗಳಲ್ಲಿ ಸೊಸೆಯ ಇಂಜೆಕ್ಷನ್ ನಿಂತುಹೋಗುತ್ತದೆ. ಬಸಿರಿನಲ್ಲಿ ರಕ್ತದ ಪ್ರಮಾಣ ಹೆಚ್ಚುಕಡಿಮೆ ಅರ್ಧದಷ್ಟು ಏರುವುದರಿಂದ ಕಿರಿದಾದ ಕವಾಟ ಅದನ್ನು ತಾಳಿಕೊಳ್ಳಲಾರದು. ಸೋರುವ ಕವಾಟ ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ.

ಈಗ ನಿಮ್ಮ ಅಣ್ಣನ ವಿಷಯ. ಅದು ಬೇರೆಯದೇ ರೋಗ. ಹುಡುಗಿಯದು ಗಂಟಲಿನ ಸೋಂಕಿನಿಂದ ಕವಾಟಕ್ಕೆ ಬಂದ ಹಾನಿ; ಅಣ್ಣನಿಗೆ ಆದದ್ದು ಬಹುಮಟ್ಟಿಗೆ ಹೃದಯದ ರಕ್ತನಾಳ ಕಟ್ಟಿಕೊಂಡು ಆದ ಹೃದಯಾಘಾತ. ಬಹುಮಟ್ಟಿಗೆ ಎಂದು ಏಕೆ ಹೇಳಿದೆನೆಂದರೆ, ಇಸಿಜಿಯೂ ಆಗಿಲ್ಲ, ಮರಣೋತ್ತರ ಪರೀಕ್ಷೆಯೂ ಆಗಿರಲಿಕ್ಕಿಲ್ಲ. ಹೃದಯದ ಸ್ನಾಯು ಹುಟ್ಟಾ ದಪ್ಪಗಾಗುವ ರೋಗದಿಂದಲೂ ಎಳೆಯ ವಯಸ್ಸಿನಲ್ಲಿ ಹಠಾತ್ ಸಾವು ಬರುತ್ತದೆ, ಮತ್ತು ಅದು ವಂಶದಲ್ಲಿ ಹರಿಯುತ್ತದೆ. ಆದ್ದರಿಂದ ಒಡಹುಟ್ಟಿದವರೂ ಅಣ್ಣನ ಮಕ್ಕಳೂ ಒಮ್ಮೆ ಇಸಿಜಿ ಮತ್ತು ಎಕೋ ಮಾಡಿಸುವುದು ನ್ಯಾಯ. ಕೋವಿಡ್ ಲಸಿಕೆಯಿಂದ ಹೀಗಾಯಿತೇ ಎಂಬ ಮಾತು ಇಂಥ ಮನೆಗಳಲ್ಲಿ ಏಳುತ್ತಿರುತ್ತದೆ. 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳ ಕುರಿತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ಅಧ್ಯಯನ ಲಸಿಕೆಯಿಂದ ಅಪಾಯ ಹೆಚ್ಚಿದ್ದನ್ನು ಕಾಣಲಿಲ್ಲ. ಕಂಡದ್ದು ಕುಟುಂಬದಲ್ಲಿ ಹಠಾತ್ ಸಾವಿನ ಚರಿತ್ರೆ, ಸಾವಿಗೆ ಮುಂಚಿನ ಎರಡು ದಿನಗಳಲ್ಲಿ ವಿಪರೀತ ಕುಡಿತ, ಕೋವಿಡ್‌ಗಾಗಿ ಆಸ್ಪತ್ರೆ ಸೇರಿದ್ದು, ಅತಿಯಾದ ದೈಹಿಕ ಶ್ರಮ ಇವುಗಳನ್ನು.

ನಿಮಗೆ ಆಂಜಿಯೋಗ್ರಾಂ ಬೇಡ. ಎದೆನೋವಾಗಲಿ, ನಡೆದಾಗ ಎದೆ ಬಿಗಿಯುವುದಾಗಲಿ ಇಲ್ಲದವರಿಗೆ ಅದು ತಪಾಸಣೆಯ ಸಾಧನವಲ್ಲ. ಪ್ಯಾಕೇಜಿನಲ್ಲಿ ಸಿಗುವ ಟಿಎಂಟಿಯನ್ನೂ (ಯಂತ್ರದ ಮೇಲೆ ನಡೆಸುತ್ತಾ ತೆಗೆಯುವ ಇಸಿಜಿ) ಅತಿಯಾಗಿ ನಂಬಬೇಡಿ: ರಕ್ತನಾಳ ಬಹಳಷ್ಟು ಮುಚ್ಚಿದಾಗ ಮಾತ್ರ ಅದರಲ್ಲಿ ಬದಲಾವಣೆ ಕಾಣುತ್ತದೆ, ಆದರೆ ನಲವತ್ತರ ಆಸುಪಾಸಿನವರ ಎಷ್ಟೋ ಹೃದಯಾಘಾತಗಳು ಅರ್ಧವೂ ಮುಚ್ಚಿರದ ನಾಳದಲ್ಲಿ ಕೊಬ್ಬಿನ ಪದರ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ಆಗುತ್ತವೆ. ‘ಟಿಎಂಟಿ ನೆಗೆಟಿವ್’ ಎಂಬ ಕಾಗದವನ್ನು ಕಿಸೆಯಲ್ಲಿಟ್ಟುಕೊಂಡು ಗುಟ್ಕಾ ಮುಂದುವರಿಸುವವರನ್ನು ಕಂಡು ಈ ಮಾತು ಹೇಳುತ್ತಿದ್ದೇನೆ.

ಮಾಡಿಸಬೇಕಾದದ್ದು ತೀರ ಸಾಧಾರಣ ಪರೀಕ್ಷೆಗಳು: ಬಿಪಿ, ಮೂರು ತಿಂಗಳ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ಸಹಿತ ಕೊಲೆಸ್ಟರಾಲ್, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್, ಮತ್ತು ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕಾದ ಲಿಪೊಪ್ರೋಟೀನ್-ಎ. ಕೊನೆಯದು ಆಹಾರದಿಂದ ಏರಿಳಿಯುವುದಿಲ್ಲ, ಹುಟ್ಟಿನಿಂದ ಬರುತ್ತದೆ. 50 ಮಿಲಿಗ್ರಾಂ ದಾಟಿದ್ದರೆ ಉಳಿದ ಅಪಾಯಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಬೇಕಾಗುತ್ತದೆ. ಒಡಹುಟ್ಟಿದ ಗಂಡಸಿಗೆ 55ರೊಳಗೆ ಹೃದಯಾಘಾತವಾಗಿದ್ದರೆ ಅದೇ ಒಂದು ಅಪಾಯದ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ನಿಮ್ಮ ಎಲ್‌ಡಿಎಲ್ 130-140 ಬಂದರೂ ‘ಬಾರ್ಡರ್ ಲೈನ್’ ಎಂದು ಬಿಡದೆ ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆಯ ಬಗ್ಗೆ ವೈದ್ಯರೊಂದಿಗೆ ಚರ್ಚಿಸಿ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆಂದು ತೋರಿಸಿತು. ಅದರ ಮುಂದಿನ ವರದಿಯಲ್ಲಿ, ಜಗಿಯುವ ತಂಬಾಕೊಂದರಿಂದಲೇ ಹೃದಯಾಘಾತದ ಸಂಭವ ಎರಡು ಪಟ್ಟಿಗೂ ಮಿಗಿಲಾಗುತ್ತದೆ ಎಂದಿದೆ. ನಿಪ್ಪಾಣಿಯ ತಂಬಾಕು ಬೆಳೆಯುವ ನಾಡಿನಲ್ಲಿ, ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕಿ ತುಟಿಯೊಳಗಿಟ್ಟುಕೊಂಡರೆ ಬೀಡಿಯಷ್ಟು ಕೆಟ್ಟದ್ದಲ್ಲ ಎಂಬ ನಂಬಿಕೆ ಆಳವಾಗಿದೆ. ಹೆಂಗಸರು ಹಲ್ಲಿಗೆ ತಿಕ್ಕುವ ಮಿಶ್ರಿಯನ್ನಂತೂ ತಂಬಾಕೆಂದೇ ಎಣಿಸುವುದಿಲ್ಲ. ನಿಮ್ಮ ಪಾಲಿಗೆ ಮೇಲಿನ ಎಲ್ಲ ಪರೀಕ್ಷೆಗಳಿಗಿಂತ ಮುಖ್ಯವಾದ ಚಿಕಿತ್ಸೆ ಅದನ್ನು ಬಿಡುವುದು. ನಿಕೋಟಿನ್ ಗಮ್ ಅಥವಾ ಮಾತ್ರೆಯ ನೆರವು ಬೇಕಾದರೆ ಸಂಕೋಚಪಡಬೇಡಿ.

ಅಣ್ಣನಿಗೆ ಗ್ಯಾಸ್ ಅನ್ನಿಸಿದ್ದು ಅವನ ತಪ್ಪಲ್ಲ. ಹೃದಯದ ಕೆಳಭಾಗದ ಆಘಾತದಲ್ಲಿ ಹೊಟ್ಟೆಯ ಮೇಲ್ಭಾಗದ ಉರಿ, ವಾಕರಿಕೆ, ಬೆವರು ಇವೇ ಮುಖ್ಯ ಲಕ್ಷಣಗಳಾಗಿರಬಹುದು. ಎದೆಯಿಂದ ದವಡೆಗೋ ಎಡಗೈಗೋ ಹರಿಯುವ ಬಿಗಿತ ಹದಿನೈದು-ಇಪ್ಪತ್ತು ನಿಮಿಷ ಕಳೆದರೂ ಇಳಿಯದಿದ್ದರೆ 108ಕ್ಕೆ ಕರೆಮಾಡಿ, ಅಲರ್ಜಿ ಅಥವಾ ರಕ್ತಸ್ರಾವದ ತೊಂದರೆ ಇಲ್ಲದವರು 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಿ, ನೇರ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಬೈಕು ತಾವೇ ಓಡಿಸಿಕೊಂಡು ವಿಜಯಪುರಕ್ಕೆ ಹೊರಡುವುದು ಬೇಡ. ಅಲ್ಲಿಗೆ ಒಂದೂವರೆ-ಎರಡು ತಾಸಿನ ದಾರಿ. ಆಂಜಿಯೋಪ್ಲಾಸ್ಟಿ ಎರಡು ತಾಸಿನೊಳಗೆ ಆಗುವಂತಿಲ್ಲದಿದ್ದರೆ ಹತ್ತಿರದಲ್ಲೇ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಪಡೆದು, ಆಮೇಲೆ ದೊಡ್ಡ ಆಸ್ಪತ್ರೆಗೆ ಹೋಗುವುದೇ ಸರಿಯಾದ ಕ್ರಮ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಯಿಂದ ಇಸಿಜಿಯನ್ನು ತಜ್ಞರಿಗೆ ಕಳುಹಿಸಿ, ಅಗತ್ಯವಿದ್ದರೆ ಹತ್ತಾರು ಸಾವಿರ ರೂಪಾಯಿ ಬೆಲೆಯ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಸಿಗುತ್ತದೆಯೇ ಎಂದು ಈಗಲೇ ಹೋಗಿ ವಿಚಾರಿಸಿಟ್ಟುಕೊಳ್ಳಿ. ಮೊದಲ ಇಸಿಜಿ ನಾರ್ಮಲ್ ಬಂದು ನೋವು ಮುಂದುವರಿದರೆ ಮನೆಗೆ ಹೊರಡದೆ, ಮತ್ತೊಂದು ಇಸಿಜಿ ಮತ್ತು ಟ್ರೊಪೊನಿನ್ (ಹೃದಯದ ಸ್ನಾಯುವಿನ ಹಾನಿ ತೋರಿಸುವ ರಕ್ತದ) ಪರೀಕ್ಷೆ ಮಾಡಿರೆಂದು ಕೇಳಿ.

ಅಣ್ಣನ ಮಗನಿಗೆ ಮೇಲೆ ಹೇಳಿದ ಇಸಿಜಿ, ಎಕೋಗಳ ಜೊತೆಗೆ ಒಮ್ಮೆ ಕೊಲೆಸ್ಟರಾಲ್ ನೋಡಿಸಿ. ಆ ವಯಸ್ಸಿಗೆ ಎಲ್‌ಡಿಎಲ್ 160 ದಾಟಿದ್ದರೆ, ತಂದೆಯ ಸಾವಿನ ಹಿನ್ನೆಲೆಯಲ್ಲಿ, ವಂಶದಿಂದ ಬಂದ ಕೊಲೆಸ್ಟರಾಲ್ ದೋಷವನ್ನು ಶಂಕಿಸಬೇಕಾಗುತ್ತದೆ. ಹಾಗಿದ್ದಲ್ಲಿ ಅವನ ಒಡಹುಟ್ಟಿದವರಿಗೂ ನಿಮ್ಮ ಮಕ್ಕಳಿಗೂ ಅದೇ ಪರೀಕ್ಷೆ ಆಗಬೇಕು. ಈ ದೋಷಕ್ಕೆ ಮಾತ್ರೆಯನ್ನು ಎಂಟು-ಹತ್ತು ವರ್ಷದ ಮಕ್ಕಳಿಗೂ ಕೊಡುವ ರೂಢಿಯಿದೆ, ಆದ್ದರಿಂದ ಹುಡುಗ ಇನ್ನೂ ಚಿಕ್ಕವನೆಂದು ಮುಂದೂಡಬೇಡಿ. ವರದಿ ಕೈಗೆ ಬಂದಾಗ ಎಲ್‌ಡಿಎಲ್‌ನ ಅಂಕಿಯನ್ನೂ, ಅಣ್ಣ ತೀರಿಕೊಂಡಾಗಿನ ವಯಸ್ಸನ್ನೂ ಒಂದೇ ಚೀಟಿಯಲ್ಲಿ ಬರೆದು ವೈದ್ಯರಿಗೆ ತೋರಿಸಿ.